ಏಣಿ ಇಳಿಸಿದ ಡೋರೀನ್

ಬ್ರಾಡ್ಲಿ ಬೀದಿಯವರಿಗೆ ಒಂದು ರೋಗ. ಕೆಲಸಕ್ಕೆ ಬಂದವನ ಕೈಗೆ ಒಮ್ಮೆ ಟೀ ಕೊಟ್ಟರೆ ಮುಗಿಯಿತು. ಆಮೇಲೆ ಅವನು ಮನೆಯನ್ನೇ ಹೊತ್ತುಕೊಂಡು ಹೋದರೂ ಇವರ ಬಾಯಲ್ಲಿ ಬರುವುದು ಥ್ಯಾಂಕ್ಸ್ ಒಂದೇ. ಮರ್ಯಾದೆಯಂತೆ, ಮಣ್ಣು!

ಡೋರೀನ್ ಹಾಲ್‌ರಾಯ್ಡ್‌ಗೂ ಆ ರೋಗವಿತ್ತು. ಗಂಡ ವಿಲ್ಫ್ ತೀರಿಕೊಂಡ ವರ್ಷ ಸೂರು ರಿಪೇರಿಯವನೊಬ್ಬ ಬಂದ. ಟೀ ಕೊಟ್ಟಳು, ಶುಂಠಿ ಕೇಕು ಕೊಟ್ಟಳು. ಅವನು ಸೂರಿನ ಗಟ್ಟಿಮುಟ್ಟಾದ ಮರಳುಗಲ್ಲಿನ ಚಪ್ಪಡಿಗಳನ್ನು ಕಿತ್ತು ವ್ಯಾನಿಗೆ ತುಂಬಿಕೊಂಡು, ಆ ಜಾಗಕ್ಕೆ ಡಾಂಬರು ಹಾಳೆ ಹೊಡೆದು ನಡೆದ. ಉಂಡೂ ಹೋದ, ಕೊಂಡೂ ಹೋದ. ಆ ಚಳಿಗಾಲವೆಲ್ಲ ಅವಳು ಹಾಸಿಗೆಯ ಪಕ್ಕ ಬಕೆಟ್ ಇಟ್ಟುಕೊಂಡು ಮಲಗಿದಳು. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತ ಬೆಳೆದ ಗಂಟಲು ಅವಳದು. ಅಂದಿನಿಂದ ಏಣಿ ಹೊತ್ತ ವ್ಯಾನು ಬೀದಿಗೆ ಬಂದರೆ ಸಾಕು, ಮನೆ ಚಪ್ಪಲಿಯಲ್ಲೇ ಹೊರಗೆ ಬರುತ್ತಿದ್ದಳು.

ನವೆಂಬರಿನ ಒಂದು ಬೆಳಿಗ್ಗೆ ಎದುರುಮನೆಯ ಗೋಡೆಗೆ ಏಣಿ ಒರಗಿತ್ತು. ಅದು ಕ್ಲಿಫರ್ಡ್‌ನ ಮನೆ. ಬಸ್ಸು ಓಡಿಸಿ ನಿವೃತ್ತನಾದವನು, ಶ್ವಾಸಕೋಶ ಹಾಳಾದವನು. ಈ ಚಳಿಗಾಲದಲ್ಲೂ ತೇವದಲ್ಲಿ ಮಲಗಿದರೆ ವಸಂತ ನೋಡುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆ ಮಹಾನುಭಾವ ಒಳಗೆ ಕೆಲಸದವನ ಟೀಗೆ ನೀರು ಕಾಯಿಸುತ್ತಿದ್ದ.

ಸೂರಿನ ಮೇಲೆ ಹತ್ತಿದ್ದ ದಢೂತಿ ರಿಪೇರಿಯವನು ಒಂದು ತುಂಡು ಕಲ್ಲು ಎತ್ತಿ ಕೂಗಿದ: "ನೋಡೀಪ್ಪಾ ಯಜಮಾನ್ರೇ, ಮುಟ್ಟಿದ್ರೆ ಕೈಗೇ ಬಂತು! ಪೂರ್ತಿ ಬಿಚ್ಬೇಕು."

ಡೋರೀನ್ ತಲೆಯೆತ್ತಿದಳು. ಅವನ ಕೈಯಲ್ಲಿದ್ದದ್ದು ತೆಳ್ಳನೆಯ ನೀಲಿ ಕಲ್ಲು. ಬೀದಿಯ ಸೂರುಗಳ ಕಲ್ಲೆಲ್ಲ ದಪ್ಪ ಕಂದು ಚಪ್ಪಡಿ. ಕಳ್ಳ ಮುಂಡೇಗಂಡ, ಸುಳ್ಳು ಹೇಳುವುದಕ್ಕೂ ಮೈಗಳ್ಳತನ! ಜೇಬಿನಲ್ಲಿ ತಂದ ಕಲ್ಲಿನ ಬಣ್ಣವನ್ನಾದರೂ ನೋಡಬಾರದೇ?

ಅವಳು ರಸ್ತೆ ದಾಟಿದಳು. ಏಣಿ ಹಿಡಿದೆಳೆದು ರಸ್ತೆಗೆ ಕೆಡವಿದಳು.

"ಏಯ್ ಅಜ್ಜೀ! ತಲೆ ಕೆಟ್ಟಿದ್ಯಾ?"

"ಆ ಕಲ್ಲು ಎಲ್ಲಿಂದ ಕಿತ್ಯೋ ಅಲ್ಲೇ ಕೂರಿಸಪ್ಪಾ. ಕೂತ್ರೆ ಏಣಿ ಕೊಡ್ತೀನಿ."

"ಅಜ್ಜಿ, ತಮಾಷೆ ಬೇಡ, ಮಳೆ ಬರ್ತಿದೆ."

"ಬರ್ಲಿ. ನಿನ್ನಂಥವರಿಂದ ನಾವು ನೆನೆದಿದ್ದಕ್ಕಿಂತ ಜಾಸ್ತಿ ಏನಿಲ್ಲ. ಪೊಲೀಸ್ರು ಬರೋವರೆಗೂ ಹುಡುಕ್ತಾ ಇರು."

ಪರದೆಗಳ ಸಂದಿಯಿಂದ ಬೀದಿಯೆಲ್ಲ ನೋಡುತ್ತಿತ್ತು. ಬಾಗಿಲು ತೆರೆದು ಹೊರಗೆ ಬರಲು ಒಬ್ಬರಿಗೂ ಧೈರ್ಯವಿಲ್ಲ. ಮೇಲಿನವನು ಮೊಣಕಾಲೂರಿ ನೀಲಿ ಕಲ್ಲು ಹಿಡಿದು ಅತ್ತಿಂದಿತ್ತ ತೆವಳಿದ.

ಅಷ್ಟರಲ್ಲಿ ಕ್ಲಿಫರ್ಡ್ ಕೆಮ್ಮುತ್ತ ಟೀ ಮಗ್ಗು ಹಿಡಿದು ಬಂದ. "ಪಾಪ, ಮೇಲೆ ಚಳಿ ಇರುತ್ತೆ..."

ಡೋರೀನ್ ಮಗ್ಗು ಕಿತ್ತುಕೊಂಡು ತಾನೇ ಕುಡಿದಳು. "ನಿನ್ ಪಾಪಕ್ಕಿಷ್ಟು ಬೆಂಕಿ ಹಾಕ! ಅವನ ಕೈಲಿರೋದು ನಿನ್ನ ಸೂರಿಂದಾ? ಕಣ್ಣು ಬಿಟ್ಟು ನೋಡೋ."

ಕ್ಲಿಫರ್ಡ್ ನೋಡಿದ. ಬಹಳ ಹೊತ್ತು ನೋಡಿದ.

"ಹೋದ ವರ್ಷ ಬಂದವನು ತೋರ್ಸಿದ್ದೂ ನೀಲೀನೇ, ಡೋರೀನ್. ಅವತ್ತಿಂದಲೇ ಸೋರ್ತಿರೋದು."

"ಮತ್ತೆ ಅವತ್ತೇ ಬಾಯಿ ಬಿಟ್ಟು ಕೇಳೋಕೇನಾಗಿತ್ತೋ ನಿಂಗೆ?"

"ಹೇಗೆ ಕೇಳ್ಲಿ?" ಕೆಮ್ಮು ನಿಂತ ಮೇಲೆ ಅವನೆಂದ. "ಅವನು ಎರಡು ಸಲ ಟೀ ಕುಡಿದಿದ್ದ."