ಉಸ್ತಾದರ ವೈಸ್

ಚಿಕ್ಕಬಾಣಾವರದಲ್ಲಿ ನನಗೆ ಫಿಟ್ಟರ್ ಕೆಲಸ ಕಲಿಸಿದ ಉಸ್ತಾದರು ಲಕ್ವಾ ಹೊಡೆದು, ಮಾತು ನಿಂತು ಮಲಗಿದ್ದರು. ನಾನೋ, ಫಿಟ್ಟರಾಗಿ ಅರ್ಧ, ಎಲ್ಲರನ್ನೂ ಅಣಕಿಸುವ ಕೋತಿಯಾಗಿ ಪೂರ್ತಿ. ಕಬ್ಬಿಣದ ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಹಳೇ ವೈಸ್‌ಗಳನ್ನು ಕೊಂಡು ಸರಿಮಾಡುವ ಹುಚ್ಚು ಬೇರೆ. ತುಕ್ಕು ಹಿಡಿದು ಬಿಗಿದಿದ್ದ ಅವರ ವೈಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಮಂಚದ ಪಕ್ಕಕ್ಕೆ ತಂದಿಟ್ಟೆ. ಅದರ ಹಿಡಿ ಕೈಗೆ ಸಿಕ್ಕರೆ ಅವರ ಬೆರಳು ಆಡಬಹುದೆಂಬ ಆಸೆ. ಆಡಲಿಲ್ಲ.

"ಅವರ ಥರಾನೇ ಒಂದ್ಸಲ ಬೈಯಿ ಬೇಟಾ, ಕೇಳಿ ನಗ್ತಾರೇನೋ," ಎಂದರು ಅವರ ಹೆಂಡತಿ. ಮೊದಲೆಲ್ಲ ನನ್ನ ಅಣಕಕ್ಕೆ ಉಸ್ತಾದರೇ ಜೋರಾಗಿ ನಗುತ್ತಿದ್ದರು.

ಅವರದೇ ದನಿ ತೆಗೆದೆ. "ಏಯ್, ವೈಸ್ ಮೇಲೆ ಸುತ್ತಿಗೆ ಹೊಡೀತೀಯಾ? ನಿನ್ ತಲೆ ಖಾಲಿ ಇದ್ಯಲ್ಲ, ಅಲ್ಲಿ ಹೊಡ್ಕೋ!"

ಆಕೆ ನಕ್ಕರು. ಉಸ್ತಾದರು ಮುಖವನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿಕೊಂಡರು. ದಿಂಬು ಒದ್ದೆಯಾಯಿತು.

"ಸಾಕು ಬೇಟಾ," ಎಂದರು ಆಕೆ. "ವೈಸ್ ನೀನೇ ತಗೊಂಡ್ಹೋಗು."