ವಿಳಾಸ ತಪ್ಪಿದ ಏಳು ತೋಟಾಗಳು

ವೆರ್ಬಿ ಊರಿನ ಅಂಚೆ ಕಚೇರಿಯಲ್ಲಿ ನೆಟ್ಟಿ ವೊರೊಬೆಟ್ಸ್ ಮೂವತ್ತೊಂದು ವರ್ಷ ಕಾಗದಗಳನ್ನು ವಿಂಗಡಿಸಿದಳು. ಲಕೋಟೆ ಕೈಗೆ ಬಂದರೆ ಸಾಕು, ಹೆಸರು ಓದುವ ಮೊದಲೇ ಮುದ್ರೆ ನೋಡಿ ಅದು ಎಲ್ಲಿಂದ ಬಂದದ್ದೆಂದು ಹೇಳುತ್ತಿದ್ದಳು. ಒಂದೂರಿನ ಮುದ್ರೆಯಲ್ಲಿ ಏಳರ ಅಂಕಿಗೆ ಬಾಲ ಮುರಿದಿರುತ್ತಿತ್ತು, ಇನ್ನೊಂದೂರಿನದು ಸದಾ ಎಡಕ್ಕೆ ವಾಲಿರುತ್ತಿತ್ತು. ಮ್ಯಾನಿಟೋಬಾದ ಆ ಹುಲ್ಲುಗಾವಲಿನ ಸೀಮೆಯಲ್ಲಿ ಇಂಥ ಕಣ್ಣು ಇನ್ನೊಬ್ಬರಿಗಿರಲಿಲ್ಲ.

ನಿವೃತ್ತಳಾದ ಮೇಲೆ ಆ ಕಣ್ಣಿಗೆ ಕೆಲಸ ಸಿಕ್ಕಿದ್ದು ಮನೆಯ ನೆಲಮಾಳಿಗೆಯಲ್ಲಿ. ಅಲ್ಲಿ ಆಲೂಗಡ್ಡೆಯ ಮೂಟೆ, ಹುಳಿ ಹಾಕಿದ ಎಲೆಕೋಸಿನ ಜಾಡಿಗಳ ನಡುವೆ ಅವಳ ಅಪ್ಪ ಹ್ರಿಹೋರಿಯ ಒತ್ತುಯಂತ್ರವಿತ್ತು. ಸಿಡಿದು ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ಆ ಯಂತ್ರದ ಅಚ್ಚಿನಲ್ಲಿ ಒತ್ತಿ, ಮತ್ತೆ ಮದ್ದು ಗುಂಡು ತುಂಬಿ, ಅಪ್ಪ ನಲವತ್ತು ವರ್ಷ ಮನೆಗೆ ಬೇಟೆಯ ಮಾಂಸ ತಂದಿದ್ದ. ಅವನ ಕೋವಿ ಸೈನ್ಯದಿಂದ ಹರಾಜಿಗೆ ಬಂದ ತ್ರೀ ನಾಟ್ ತ್ರೀ, ಈಗ ಅದು ನೆಟ್ಟಿಯದು. ಅವನು ಹೇಳಿಕೊಟ್ಟ ಪಾಠ ಚಿಕ್ಕದು.

"ಸಿಡಿದ ತೋಟಾ ಅಂದ್ರೆ ಹಬ್ಬದೂಟ ಮುಗಿಸಿದ ಹೊಟ್ಟೆ ಇದ್ದ ಹಾಗೆ ಕಣೇ, ಉಬ್ಬಿರ್ತದೆ. ಉಬ್ಬಿ ನಮ್ಮ ಕೋವಿಯ ಅಳತೆಗೇ ನಿಂತಿರ್ತದೆ. ಹೊಲಿಸಿದ ಅಂಗಿ ಅದು. ಅದನ್ನ ಯಾಕೆ ಹಿಂಡ್ತೀಯ? ಗುಂಡು ಹಿಡ್ಕೊಳ್ಳೋಕೆ ಕತ್ತು ಬಿಗಿ ಮಾಡು. ಮೈ ಮುಟ್ಬೇಡ."

ಅದಕ್ಕಾಗಿ ಅವನು ಅಚ್ಚನ್ನು ಪೂರ್ತಿ ಇಳಿಸದೆ, ಕೆಳಗೆ ಐದು ಸೆಂಟಿನ ನಾಣ್ಯ ನುಸುಳುವಷ್ಟು ಸಂದು ಬಿಡುತ್ತಿದ್ದ. ಆ ನಾಣ್ಯವನ್ನು ನೆಟ್ಟಿ ಯಂತ್ರದ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದಳು.

ಹೀಗಿರುವಾಗ ಒಂದು ಅಕ್ಟೋಬರಿನಲ್ಲಿ ಅವಳ ಮಾನ ಹೋಯಿತು. ಐದು ವರ್ಷ ಕಾದ ಮೇಲೆ ಸರ್ಕಾರ ಎತ್ತುವ ಚೀಟಿಯಲ್ಲಿ ಅವಳ ಹೆಸರಿಗೆ ಮೂಸ್ ಬೇಟೆಯ ಪರವಾನಗಿ ಬಂದಿತ್ತು. ಜಿಂಕೆಯ ಜಾತಿಯದೇ ಆದರೂ ಕುದುರೆಗಿಂತ ಎತ್ತರದ ಗಂಡು ಮೂಸ್ ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಅವಳನ್ನೇ ನೋಡಿತು. ನೆಟ್ಟಿ ತೋಟಾ ಹಾಕಿ, ಕೋವಿಯ ಹಿಂಬದಿ ಮುಚ್ಚುವ ಬೋಲ್ಟು ದೂಡಿದಳು, ಮುಚ್ಚಲಿಲ್ಲ. ಮತ್ತೆ ದೂಡಿದಳು, ಅರ್ಧಕ್ಕೆ ಕಚ್ಚಿ ನಿಂತಿತು. ಮೂಸ್ ಆತುರವೇ ಇಲ್ಲದೆ ಪೊದೆಯೊಳಗೆ ನಡೆದುಹೋಯಿತು.

ಜೊತೆಗಿದ್ದವನು ಒರೆಸ್ಟ್, ಅವಳ ಅಕ್ಕನ ಗಂಡ; ಅಕ್ಕ ತೀರಿಹೋಗಿದ್ದಳು. ಮನಸ್ಸು ಒಳ್ಳೆಯದು, ನಾಲಿಗೆಗೆ ಮಾತ್ರ ಬೇಲಿಯಿಲ್ಲ. ಮರುದಿನ ಸೊಸೈಟಿ ಅಂಗಡಿಯ ಕಾಫಿ ಮೇಜಿನಲ್ಲಿ ಇಡೀ ಕಥೆಯನ್ನು ಅಭಿನಯಿಸಿಯೇ ತೋರಿಸಿದ.

"ಮೂಸ್ ಪಾಪ ಕಾಯ್ತಾ ನಿಂತಿತ್ತು. ಇವಳು ಬೋಲ್ಟಿನ ಜೊತೆ ಕುಸ್ತಿ! ಅದಕ್ಕೂ ಬೇಜಾರಾಗಿ ಮನೆಗೆ ಹೋಯ್ತು."

ಮೇಜಿನವರೆಲ್ಲ ನಕ್ಕರು. ಹಂದಿ ಸಾಕುವ ಸ್ಲಾವ್ಕೊ ಮಾತ್ರ ಕನಿಕರದಿಂದ ಹೇಳಿದ, "ಅಕ್ಕಾ, ಅಪ್ಪನ ಕಾಲದ ಪದ್ಧತಿ ಬಿಡಿ. ಕತ್ತು, ಮೈ ಎಲ್ಲಾ ಸೇರಿಸಿ ಹಿಂಡಿ. ನಾವೆಲ್ಲ ಹಾಗೇ ಮಾಡೋದು."

"ಇಲ್ಲಾಂದ್ರೆ ಆ ಯಂತ್ರ ನನಗೆ ಕೊಟ್ಬಿಡು," ಎಂದ ಒರೆಸ್ಟ್. "ನನ್ನ ತೋಟಾ ಜೊತೆ ನಿನ್ನದನ್ನೂ ಒತ್ತಿ ಕೊಡ್ತೀನಿ. ಹಿತ್ತಾಳೆ ಅಂದ್ರೆ ಹಿತ್ತಾಳೆ. ಎಲ್ಲಾ ಒಂದೇ."

ನೆಟ್ಟಿಯ ಕಿವಿ ಕೆಂಪಾದವು. "ಆಗ್ಲಿ ಭಾವ. ಮುಂದಿನ ಬೇಟೆಯಲ್ಲಿ ನನ್ನ ಒಂದೇ ಒಂದು ತೋಟಾ ಕಚ್ಚಿದ್ರೂ ಅಪ್ಪನ ಯಂತ್ರ ನಿಮ್ಮ ಮನೆಗೆ ಬರ್ತದೆ. ಕಚ್ಚದೆ ಮೂಸ್ ಬಿದ್ರೆ, ಇದೇ ಮೇಜಿನ ಮುಂದೆ ಎದ್ದು ನಿಂತು 'ಎಲ್ಲಾ ಹಿತ್ತಾಳೆ ಒಂದೇ ಅಲ್ಲ' ಅಂತ ಮೂರು ಸಲ ಹೇಳ್ಬೇಕು."

"ನಾಲ್ಕು ಸಲ ಹೇಳ್ತೀನಿ!"

ಮಾತು ಕೊಟ್ಟದ್ದಾಯಿತು. ಮನೆಗೆ ಬಂದು ನೆಟ್ಟಿ ಯಂತ್ರದ ಹಿಡಿಯನ್ನು ಸವರಿದಳು. ಅಪ್ಪನ ಅಂಗೈ ಸವೆಸಿದ ಮರ ಅದು. ಇದನ್ನು ಪಣಕ್ಕಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಪ್ಪನ ಪಾಠವೇ ತಪ್ಪೆ? ಹಾಗಾದರೆ ನಲವತ್ತು ವರ್ಷ ಅದು ಹೇಗೆ ನಡೆಯಿತು?

ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತು ತೋಟಾಗಳಿದ್ದವು. ಗುಂಡು ಕಿತ್ತು ಮದ್ದು ಸುರಿದು, ಖಾಲಿ ಹಿತ್ತಾಳೆಗಳನ್ನು ಒಂದೊಂದಾಗಿ ಕೋವಿಗೆ ಹಾಕಿ ನೋಡಿದಳು. ಹದಿಮೂರು ಸಲೀಸಾಗಿ ಹೋದವು. ಏಳು ಕಚ್ಚಿದವು. ಆ ಏಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಳು. ಪ್ರತಿಯೊಂದರ ಮೈಮೇಲೂ, ಒಂದೇ ಜಾಗದಲ್ಲಿ, ಉಗುರಿನಿಂದ ಎಳೆದಂಥ ಸಣ್ಣ ಗೀರು. ಉಳಿದ ಹದಿಮೂರರಲ್ಲಿ ಆ ಗೀರೇ ಇಲ್ಲ.

ಮೂವತ್ತೊಂದು ವರ್ಷ ಮುದ್ರೆ ನೋಡಿದವಳಿಗೆ ಇನ್ನೇನು ಬೇಕು? ಇದು ಬೇರೆ ಊರಿನ ಅಂಚೆ!

ಆಗ ನೆನಪಾಯಿತು. ಬೇಸಿಗೆಯಲ್ಲಿ ಜಲ್ಲಿಯ ಹಳ್ಳದಲ್ಲಿ ಇಬ್ಬರೂ ಗುರಿ ಅಭ್ಯಾಸ ಮಾಡಿದ್ದರು. ಒರೆಸ್ಟನದೂ ತ್ರೀ ನಾಟ್ ತ್ರೀ ಕೋವಿಯೇ. "ನಿನಗೆ ಸೊಂಟನೋವು, ನೀನು ಬಗ್ಗಬೇಡ," ಎಂದು ಅವನೇ ಖಾಲಿ ತೋಟಾಗಳನ್ನು ಆರಿಸಿ, ಇಪ್ಪತ್ತು ಎಣಿಸಿ ಅವಳ ಡಬ್ಬಿಗೆ ಸುರಿದಿದ್ದ. ಅವನ ಕೋವಿಯಲ್ಲಿ ತೋಟಾ ಕೂರುವ ಗೂಡು ದೊಡ್ಡದು, ಗೀರೂ ಅದರದೇ. ಅದರಲ್ಲಿ ಉಬ್ಬಿದ ಹಿತ್ತಾಳೆಯ ಕತ್ತನ್ನಷ್ಟೇ ಬಿಗಿಮಾಡಿದರೆ ಅವಳ ಕೋವಿಯೊಳಗೆ ಅದು ಹೇಗೆ ಹಿಡಿಸೀತು? ಅಪ್ಪನ ಪಾಠ ತಪ್ಪಾಗಿರಲಿಲ್ಲ. ಆದರೆ ಅಪ್ಪನ ಕಾಲದಲ್ಲಿ ಮನೆಯಲ್ಲಿದ್ದದ್ದು ಒಂದೇ ಕೋವಿ.

ನೆಟ್ಟಿ ಇನ್ನೂ ಒಂದು ಪರೀಕ್ಷೆ ಮಾಡಿದಳು. ಕಾಗದದ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ತುಸು ಬಾಗಿಸಿ, ಒರೆಸ್ಟನ ಹಿತ್ತಾಳೆಯೊಳಗೆ ಇಳಿಸಿ ಗೋಡೆಯನ್ನು ಸವರಿದಳು. ಬುಡದ ಹತ್ತಿರ ತಂತಿ ಸಣ್ಣ ಹಳ್ಳಕ್ಕೆ ಬಿದ್ದಂತೆ ತಡೆಯಿತು, ಅಲ್ಲಿ ಗೋಡೆ ಸವೆದು ತೆಳುವಾಗಿತ್ತು. ಏಳರಲ್ಲೂ ಅದೇ ಕಥೆ.

ಮಾರನೆಯ ದಿನ ಆ ಏಳನ್ನೂ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಒರೆಸ್ಟನ ವಿಳಾಸ ಬರೆದು, ಕಾಫಿ ಮೇಜಿನ ಮೇಲಿಟ್ಟಳು.

"ತಗೊಳ್ಳಿ ಭಾವ. ನಿಮ್ಮ ಅಂಚೆ ನಮ್ಮನೆಗೆ ಬಂದಿತ್ತು."

"ಇದೇನೇ?"

"ನಿಮ್ಮ ಕೋವಿಯಲ್ಲಿ ಸಿಡಿದವು. ಮುದ್ರೆ ಇದೆ ನೋಡಿ. ಇನ್ನೊಂದು ಮಾತು, ತಮಾಷೆ ಅಲ್ಲ. ಪ್ರತಿ ಸಲ ಮೈ ಹಿಂಡ್ತೀರಿ, ಅದು ಪ್ರತಿ ಸಲ ನಿಮ್ಮ ದೊಡ್ಡ ಗೂಡಲ್ಲಿ ಹಿಗ್ಗತ್ತೆ. ಒಳಗಡೆ ಸವೆದು ಹೋಗಿವೆ. ಇವನ್ನೂ ನಿಮ್ಮ ಡಬ್ಬಿಯಲ್ಲಿರೋ ಇಂಥವನ್ನೂ ಎಸೀರಿ, ಇಲ್ಲಾಂದ್ರೆ ಎರಡು ತುಂಡಾಗ್ತವೆ."

"ಐದು ಸಲ ಸಿಡಿದದ್ದು ಆರನೇ ಸಲ ಸಿಡಿಯಲ್ವಾ? ಯಂತ್ರ ಕೊಡೋಕೆ ಮನಸ್ಸಿಲ್ಲ ಅಂತ ಹೇಳು ಮಾರಾಯ್ತಿ!"

ಮರುವರ್ಷ ಅದೃಷ್ಟಕ್ಕೆ ಮತ್ತೆ ಚೀಟಿ ಎದ್ದಿತು, ಇಬ್ಬರ ಹೆಸರಿಗೂ ಸೇರಿ ಒಂದೇ ಮೂಸ್. ಮೊದಲ ಗುಂಡು ಯಾರದೆಂದು ಕಡ್ಡಿ ಎತ್ತಿದರು, ಒರೆಸ್ಟನಿಗೆ ಬಂತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಬೆಳಿಗ್ಗೆ, ಕೆರೆಯಂಚಿನ ಪೊದೆಗಳಿಂದ ದೊಡ್ಡ ಗಂಡೊಂದು ಹೊರಗೆ ಬಂತು. ಒರೆಸ್ಟ್ ಹೊಡೆದ. ಗುಂಡು ಎಲ್ಲೋ ಮೇಲೆ ಹಾರಿತು. ಅವನ ಮುಖಕ್ಕೆ ಬಿಸಿ ಹೊಗೆ ರಪ್ಪೆಂದು ಬಡಿಯಿತು. ಬೋಲ್ಟು ಎಳೆದರೆ ತೋಟಾದ ಬುಡ ಮಾತ್ರ ಹೊರಗೆ ಬಂತು. ಉಳಿದರ್ಧ ಕೋವಿಯೊಳಗೇ ಕೂತಿತ್ತು.

"ಕಣ್ಣಿಗೇನಾದ್ರೂ ಆಯ್ತಾ ಭಾವ?" ಎಂದು ನೆಟ್ಟಿ ಪಿಸುಗುಟ್ಟಿದಳು.

"ಕಣ್ಣು ಸರಿಯಿದೆ. ಕೋವಿ ಸತ್ತಿದೆ. ನೀನು ಹೊಡಿ, ಬೇಗ!"

ಮೂಸ್ ಮರಗಳ ಕಡೆಗೆ ಹೊರಟಿತ್ತು. ನೆಟ್ಟಿ ತೋಟಾ ಹಾಕಿದಳು. ಹದಿಮೂರನ್ನೂ ಮತ್ತೆ ಒತ್ತಿ, ಒಂದೊಂದನ್ನೂ ಖಾಲಿಯಿರುವಾಗಲೇ ಕೋವಿಯಲ್ಲಿ ಹಾಕಿ ನೋಡಿದ್ದಳು. ಬೋಲ್ಟಿನ ಮೇಲೆ ಕೈಯಿಟ್ಟಳು. ದೂಡಿದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಚ್ಚಿಕೊಂಡಿತು. ಆ ಸಣ್ಣ 'ಟಕ್' ಸದ್ದು ಕೇಳಿದಾಗಲೇ ಅವಳ ಮುಖದಲ್ಲಿ ನಗು ಬಂದಿತ್ತು. ಗುಂಡು ಹಾರಿದ್ದು ಆಮೇಲೆ. ಮೂಸ್ ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು.

ಒರೆಸ್ಟ್ ಟೋಪಿ ತೆಗೆದ. "ನಿಮ್ಮಪ್ಪ ಇರಬೇಕಿತ್ತು ಕಣೇ," ಎಂದ.

ಸೋಮವಾರ ಕಾಫಿ ಮೇಜಿಗೆ ಊರೇ ನೆರೆದಿತ್ತು. ಒರೆಸ್ಟ್ ಎದ್ದು ನಿಂತು, ಶಾಲೆಯ ಹುಡುಗನಂತೆ ಕೈಕಟ್ಟಿ, "ಎಲ್ಲಾ ಹಿತ್ತಾಳೆ ಒಂದೇ ಅಲ್ಲ" ಎಂದು ಹೇಳತೊಡಗಿದ. ಮೂರಾದ ಮೇಲೆ ಕೂರಲು ಹೋದಾಗ ಸ್ಲಾವ್ಕೊ ಬಿಡಲಿಲ್ಲ. "ನಾಲ್ಕು ಅಂದಿದ್ದೆಯಲ್ಲಪ್ಪ!" ನಾಲ್ಕನೆಯದನ್ನು ಎಲ್ಲರೂ ಸೇರಿ ಕೂಗಿದರು.

ಆಮೇಲೆ ಅವನು ಜೇಬಿನಿಂದ ತನ್ನ ಖಾಲಿ ತೋಟಾಗಳ ಡಬ್ಬಿ ತೆಗೆದು ನೆಟ್ಟಿಯ ಮುಂದೆ ತಳ್ಳಿದ. "ನೀನೇ ವಿಂಗಡಿಸಿ ಕೊಡು, ಪೋಸ್ಟಮ್ಮ."

ನೆಟ್ಟಿ ಕನ್ನಡಕ ಏರಿಸಿಕೊಂಡಳು. ತಂತಿಯಿಟ್ಟು ಸವರಿ ಸವೆದವನ್ನು ಒಂದು ಕಡೆ ಗುಡ್ಡೆ ಹಾಕುತ್ತ ಹೋದಳು. ಡಬ್ಬಿಯ ತಳದಲ್ಲಿ ಗೀರಿಲ್ಲದ ಏಳು ಹಿತ್ತಾಳೆಗಳು ಸಿಕ್ಕವು.

"ಇಲ್ಲಿವೆ ನೋಡಿ ನನ್ನವು! ಒಂದೇ ಸಲ ಹಿಂಡಿದ್ದೀರಿ, ಗೋಡೆ ಗಟ್ಟಿಯಾಗೇ ಇದೆ," ಎಂದು ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. "ಪರವಾಗಿಲ್ಲ ಬಿಡಿ ಭಾವ. ನಮ್ಮ ಕೋವಿಯಲ್ಲಿ ಒಂದು ಸಲ ಸಿಡಿದ್ರೆ ಸಾಕು, ಮತ್ತೆ ಮನೆ ಗುರುತು ಹಿಡೀತವೆ."