ರಾಜದೂತ್ ಮೇಲಿದ್ದ ಹೆಸರು

ಮೋಟರ್ ಸೈಕಲ್ ಮುಂದೆ ಚಪ್ಪಲಿ ಬಿಟ್ಟು ನಿಂತವರನ್ನು ನೀವು ನೋಡಿದ್ದೀರಾ? ಆಯುಧಪೂಜೆಯ ದಿನವಾದರೆ ಸರಿ. ಬೇರೆ ದಿನ? ನಾನಂತೂ ನೋಡಿರಲಿಲ್ಲ. ಕಳೆದ ಭಾನುವಾರ ನೋಡಿದೆ.

ಕೊಟ್ಟೂರಿನ ಮೈದಾನವೊಂದರಲ್ಲಿ ಹಳೇ ಗಾಡಿಗಳ ಹುಚ್ಚರೆಲ್ಲ ಸೇರಿದ್ದರು. (ಹುಚ್ಚರು ಅಂದದ್ದು ನಾನಲ್ಲ, ಅವರ ಮನೆಯವರು.) ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯಿಂದ ಬಂದಿದ್ದರು. ಎರಡು ಅಂಬಾಸಿಡರ್ ಕಾರು, ಆಮೇಲೆ ಸಾಲಾಗಿ ಬುಲೆಟ್, ಲ್ಯಾಂಬ್ರೆಟಾ, ರಾಜದೂತ್. ಗಾಡಿಗಳಿಗಿಂತ ಕ್ಯಾಮೆರಾಗಳೇ ಹೆಚ್ಚು. ಈಗ ಡಿಜಿಟಲ್ ಕ್ಯಾಮೆರಾ ಬಂದಿದೆಯಲ್ಲ, ರೋಲ್ ಮುಗಿಯುತ್ತದೆ ಎಂಬ ಭಯವಿಲ್ಲ. ಹೆಡ್‌ಲೈಟಿಗೊಂದು ಕ್ಲಿಕ್, ಹಾರ್ನಿಗೊಂದು ಕ್ಲಿಕ್. ನಮ್ಮ ಕಾಲದಲ್ಲಿ ಮದುಮಗಳಿಗೂ ಇಷ್ಟು ಫೋಟೋ ತೆಗೆಯುತ್ತಿರಲಿಲ್ಲ.

ಮಾತಿಗೂ ಬರವಿರಲಿಲ್ಲ. "ನಮ್ಮಪ್ಪ ಇಂಥಾದ್ರ ಮ್ಯಾಲೆ ನಮ್ಮನ್ನೆಲ್ಲಾ ಹೇರ್ಕೊಂಡು ಸಿನಿಮಾಕ್ಕ ಹೋಗ್ತಿದ್ದ" ಅಂತ ಒಬ್ಬರು. "ನನ್ನ ಲಗ್ನಕ್ಕ ಬಂದ ಕಾರು ಇಂಥಾದಽ ರೀ" ಅಂತ ಇನ್ನೊಬ್ಬರು. ಎಲ್ಲರ ಕಥೆಯಲ್ಲೂ ಗಾಡಿ ಒಂದೇ ಕಿಕ್ಕಿಗೆ ಚಾಲೂ ಆಗುತ್ತದೆ. ನನ್ನ ಹಳೇ ಸ್ಕೂಟರನ್ನು ನಾನು ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಅಂಥ ಸಭೆಯಲ್ಲಿ ಇದನ್ನೆಲ್ಲ ಹೇಳಬಾರದು, ಹೇಳಲಿಲ್ಲ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ಮಂಜು. ಹರಪನಹಳ್ಳಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಹುಡುಗ. ಹಗರಿಬೊಮ್ಮನಹಳ್ಳಿಯ ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ರಾಜದೂತ್ ಒಂದನ್ನು ತಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಈಗ ಅದರ ಕಪ್ಪು ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

"ನೋಡ್ರಿ ಸಾರ್, ಷೋರೂಮಿಂದ ಹೊರಗ ಬಂದ ದಿನ ಹೆಂಗಿತ್ತೋ ಹಂಗಽ ಐತಿ" ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ನನಗೇ ನಾಲ್ಕಾರು ಸಲ ಹೇಳಿದ.

ಆ ಹೊತ್ತಿಗೆ ಬಂದರು ಈ ಹಿರಿಯರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್, ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. ರಾಜದೂತ್‌ಗಳ ಸಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಬಂದರು, ಮತ್ತೆ ಹಿಂದಕ್ಕೆ ಹೋದರು. ಪ್ರತಿಯೊಂದರ ನಂಬರ್ ಪ್ಲೇಟ್ ಮುಂದೆ ಬಗ್ಗಿ ತುಟಿ ಅಲ್ಲಾಡಿಸುತ್ತ ಓದಿದರು. ಕೊನೆಗೆ ಮಂಜುವಿನ ಗಾಡಿಯ ಮುಂದೆ ನಿಂತು ಚಪ್ಪಲಿ ಬಿಟ್ಟರು.

ಕ್ಯಾಮೆರಾ ಹಿಡಿದಿದ್ದ ಹುಡುಗರು ನಕ್ಕರು. "ಯಜಮಾನ್ರ, ಅದು ದೇವರಲ್ರೀ, ಗಾಡಿ!"

"ಗೊತ್ತಪ್ಪ. ನಂದಽ ಗಾಡಿ ಇದು" ಅಂದರು. ಆಮೇಲೆ ತಾವೇ ತಿದ್ದಿಕೊಂಡರು, "ನಂದಾಗಿತ್ತು. ಷೋರೂಮಿಂದ ತಂದಾವ ನಾನಽ."

ಇಷ್ಟು ಸಾಕಾಯಿತು ನೋಡಿ. ಮೊದಲ ಮಾಲೀಕ! ಹಳೇ ಗಾಡಿಯವರಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಮಂಜು ಕುಣಿದಾಡಿಬಿಟ್ಟ. ಅವರನ್ನು ಸೀಟಿನ ಮೇಲೆ ಕೂರಿಸಿದರು, ಹ್ಯಾಂಡಲ್ ಹಿಡಿಸಿದರು. ಹತ್ತು ಕಡೆಯಿಂದ ಕ್ಲಿಕ್. "ನಗ್ರಿ ಯಜಮಾನ್ರ, ಸ್ವಲ್ಪ ನಗ್ರಿ." ಅವರು ನಕ್ಕರು. ನಗುತ್ತಲೇ ಅವರ ಕೈ ಟ್ಯಾಂಕಿನ ಮೇಲೆ ಏನನ್ನೋ ಹುಡುಕುತ್ತಿತ್ತು. ಬಲಗಡೆ ತಡವಿದರು, ಎಡಗಡೆ ತಡವಿದರು.

"ತಮ್ಮಾ, ಇಲ್ಲಿ ಒಂದು ಹೆಸರಿತ್ತಲ್ಲ?"

"ಅಯ್ಯೋ, ಅದನ್ನ ತೆಗಿಯಾಕ ಎಷ್ಟು ಒದ್ದಾಡೀನಿ ಅಂತೀರಿ!" ಮಂಜು ಹೆಮ್ಮೆಯಿಂದ ಹೇಳಿದ. "ಭಾಳ ಗಟ್ಟಿ ಬಣ್ಣದಾಗ ಬರೆಸಿದ್ರಿ. ಉಜ್ಜಿ ಉಜ್ಜಿ ಕೈಯಾಗ ಬೊಬ್ಬಿ ಎದ್ದಿದ್ವು. ಈಗ ನೋಡ್ರಿ, ಗುರ್ತು ಸಿಗತೈತೇನು?"

"ಇಲ್ಲಪ್ಪ. ಒಂಚೂರೂ ಸಿಗಂಗಿಲ್ಲ" ಅಂದರು ಅವರು. ಹಾಗೇ ಮೆಲ್ಲಗೆ ಗಾಡಿಯಿಂದ ಇಳಿದರು.

ಅವರ ಹೆಸರು ಹಾಲಪ್ಪ, ಊರು ತಂಬ್ರಹಳ್ಳಿ. ಹಡಗಲಿ ಕಡೆಯ ತೋಟಗಳಿಂದ ಮಲ್ಲಿಗೆ ಮೊಗ್ಗಿನ ಬುಟ್ಟಿಗಳನ್ನು ಈ ರಾಜದೂತ್‌ಗೆ ಕಟ್ಟಿಕೊಂಡು, ದಿನಾ ಬೆಳಗ್ಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿಗೆ ಮುಟ್ಟಿಸುತ್ತಿದ್ದರಂತೆ. ಗಾಡಿ ಕೊಂಡು ಎಷ್ಟೋ ವರ್ಷಗಳಾದ ಮೇಲೆ, ಹರಕೆಗಳೆಲ್ಲ ಮುಗಿದ ಮೇಲೆ, ಒಬ್ಬಳು ಮಗಳು ಹುಟ್ಟಿದಳು. ಹೆಸರಿಟ್ಟ ವಾರವೇ ಪೇಂಟರ್ ಹತ್ತಿರ ಹೋಗಿ ಟ್ಯಾಂಕಿನ ಮೇಲೆ ಬರೆಸಿದರು. ಕೆಂಪು ಅಕ್ಷರ, ಹಳದಿ ಅಂಚು: ಬೇಬಿ ಗಿರಿಜಾ.

ಬೇಬಿ ದೊಡ್ಡವಳಾದಳು. ಹೈಸ್ಕೂಲಿಗೆ ಹೋಗುವಾಗ ಅಪ್ಪ ಗಾಡಿಯಲ್ಲಿ ಬಿಡಲು ಬಂದರೆ ಗೆಳತಿಯರೆಲ್ಲ "ಬೇಬಿ ಬಂದ್ಳು" ಅಂತ ಕಾಡಿಸುತ್ತಿದ್ದರು. ಅಳಿಸು ಅಂತ ಅಪ್ಪನಿಗೆ ಗಂಟುಬಿದ್ದಳು. ಅಪ್ಪ ಕೇಳಲಿಲ್ಲ.

"ಒಂದಿನ ತಲಿ ಪಿನ್ನು ತಗೊಂಡು ತಾನಽ ಗೀಚಿದ್ಳು ನೋಡ್ರಿ ಸರ" ಅಂದರು ಹಾಲಪ್ಪ ನನಗೆ. "ಬೇಬಿ ಅನ್ನೋದರ ಮ್ಯಾಲೆ ಅಡ್ಡ ಗೀಟು. ಸಿಟ್ಟಿನಾಗ ಗೀಚಿದ್ದು, ಒಳಗಿನ ತಗಡು ಕಾಣ್ತಿತ್ತು. ಬೈದೆ ಅವತ್ತು. ಆಮ್ಯಾಲೆ ನಾವಿಬ್ರೂ ನಕ್ವಿ."

ಕಾಲೇಜಿಗೆ ಸೇರಿದ ವರ್ಷ ಗಿರಿಜಾಗೆ ಜ್ವರ ಬಂತು. ಬಳ್ಳಾರಿಯ ಆಸ್ಪತ್ರೆಯವರೆಗೂ ಕರೆದೊಯ್ದರು. ಉಳಿಯಲಿಲ್ಲ.

ಆಮೇಲೆ ಹಾಲಪ್ಪನವರಿಗೆ ಆ ಗಾಡಿ ಓಡಿಸಲು ಆಗಲಿಲ್ಲ. ತಲೆ ತಗ್ಗಿಸಿದರೆ ಅವಳ ಹೆಸರು. ಅದಕ್ಕೊಂದು ರೆಕ್ಸಿನ್ ಕವರ್ ಹೊಲಿಸಿ ಟ್ಯಾಂಕಿಗೆ ಹಾಕಿಸಿದರು. ಕವರ್ ಕೆಳಗೆ ಹೆಸರಿದೆ ಎಂಬುದನ್ನು ಮರೆಯಲಾದೀತೇ? ಮಾರಿಬಿಟ್ಟರು. ಈಗ ವಯಸ್ಸಾಯಿತು, ಆ ಗೀಟನ್ನು ಇನ್ನೊಂದು ಸಲ ನೋಡಬೇಕು ಅನ್ನಿಸಿದೆ. ಯಾರೋ ಮೆಕ್ಯಾನಿಕ್ "ನಿನ್ನ ಗಾಡಿ ಕೊಟ್ಟೂರಿಗೆ ಬರತೈತಿ" ಅಂದದ್ದೇ ತಡ, ಬಸ್ಸು ಹತ್ತಿದ್ದಾರೆ.

ಮಂಜುವಿನ ಮುಖ ನೋಡಲಾಗುತ್ತಿರಲಿಲ್ಲ. ಓಡಿಹೋಗಿ ಬ್ಯಾಗಿನಿಂದ ಆಲ್ಬಮ್ ತಂದ. ಗುಜರಿಯಿಂದ ತಂದ ದಿನ ತೆಗೆದ ಫೋಟೋಗಳು. ಚೈನ್ ಕವರ್ ಇದೆ, ಒಡೆದ ಮೀಟರ್ ಇದೆ, ತುಕ್ಕು ಹಿಡಿದ ಬೋಲ್ಟಿಗೂ ಒಂದು ಫೋಟೋ ಇದೆ. ಪುಟ ತಿರುವುತ್ತ ತಿರುವುತ್ತ ಇಡೀ ಗಾಡಿಯ ಫೋಟೋ ಸಿಕ್ಕಿತು. ಟ್ಯಾಂಕಿನ ಮೇಲೆ ಕಂದು ರೆಕ್ಸಿನ್ ಕವರ್.

"ಕವರ್ ಬಿಚ್ಚಿದ ಮ್ಯಾಲೆ ಫೋಟೋ ತೆಗೀಲಿಲ್ರೀ" ಅಂದ ಮಂಜು. "ಲೋಕಲ್ ಪೇಂಟರ್ ಕೆಲಸ, ಒರಿಜಿನಲ್ ಅಲ್ಲ ಅಂತ..."

"ನಿಂದೇನು ತಪ್ಪಪ್ಪ? ಕವರ್ ಹಾಕ್ಸಿದಾವ ನಾನು" ಅಂದರು ಹಾಲಪ್ಪ.

"ಮತ್ತ ಬರೆಸ್ತೀನ್ರಿ. ಹಂಗಽ, ಕೆಂಪು ಹಳದಿ ಬಣ್ಣದಾಗ. ಈ ವಾರದಾಗಽ ಬರೆಸ್ತೀನಿ."

"ಬ್ಯಾಡ ತಮ್ಮಾ. ಹೆಸರೇನೋ ಬರೆಸಬಹುದು. ಗೀಚಾಕ ಅಕಿ ಇಲ್ಲಲ್ಲ."

ಪೊಟ್ಟಣ ಬಿಚ್ಚಿದರು. ಹಡಗಲಿ ಮಲ್ಲಿಗೆಯ ಒಂದು ಮೊಳ ಹೂವು. ಟ್ಯಾಂಕಿನ ಮೇಲಿಡಲು ಹೋದವರು ಹೊಸ ಬಣ್ಣ ನೋಡಿ ತಡೆದರು, ಹ್ಯಾಂಡಲಿಗೆ ಸುತ್ತಿದರು. ಅಷ್ಟು ಹೊತ್ತು ಹಾರ್ನನ್ನೂ ಬಿಡದೆ ಫೋಟೋ ಹೊಡೆದಿದ್ದ ಹುಡುಗರು ಕ್ಯಾಮೆರಾ ಕೆಳಗಿಳಿಸಿ ನಿಂತಿದ್ದರು.

ನನಗೆ ಆ ಹೊತ್ತಿನಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಮಂಜು ಕೆಟ್ಟದ್ದೇನು ಮಾಡಿದ? ಪ್ರೀತಿಯಿಂದ ಉಜ್ಜಿದ. ನಾವೂ ಅಷ್ಟೇ ಅಲ್ಲವೇ? ಮನೆಗೆ ಬಣ್ಣ ಹೊಡೆಸುವಾಗ, ಮಕ್ಕಳು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಆನೆ, ಕುದುರೆ ಎಲ್ಲ ಮುಚ್ಚಿಹೋದವಲ್ಲ, ಒಳ್ಳೆಯದಾಯಿತು ಅನ್ನುತ್ತೇವೆ. ನಮ್ಮ ಮಕ್ಕಳು ಇದ್ದಾರೆ, ಹಾಗಾಗಿ ಅನ್ನುತ್ತೇವೆ. ಮನೆಗೆ ಬಂದು ನಮ್ಮ ಹಳೇ ಬೀರುವಿನ ಬಾಗಿಲಲ್ಲಿ ಮಗಳು ಅಂಟಿಸಿದ್ದ ಸ್ಟಿಕರ್‌ಗಳನ್ನು ಎಷ್ಟೋ ಹೊತ್ತು ನೋಡಿದೆ. ಅವನ್ನು ಕೆರೆದು ತೆಗೆಯಿರಿ ಅಂತ ಹೋದ ದೀಪಾವಳಿಗೆ ಹೇಳಿದವನು ನಾನೇ. ಪುಣ್ಯಕ್ಕೆ ನನ್ನ ಹೆಂಡತಿಗೆ ಪುರುಸೊತ್ತಾಗಿರಲಿಲ್ಲ.

ಅವತ್ತು ಹಾಲಪ್ಪನವರನ್ನು ಬಸ್ಸು ಹತ್ತಿಸಲು ಮಂಜುವೇ ಹೋದ. ರಾಜದೂತ್ ತೆಗೆಯಲಿಲ್ಲ, ನಡೆದುಕೊಂಡೇ ಹೋದ. ಅವನು ಬರುವವರೆಗೆ ಗಾಡಿಯ ಹತ್ತಿರ ನಾನು ನಿಂತಿದ್ದೆ. ಕೂಡ್ಲಿಗಿಯವರೊಬ್ಬರು ಬಂದು ಬಗ್ಗಿ ನೋಡಿ ಕೇಳಿದರು, "ಏನ್ರೀ ಇದು, ಷೋರೂಮಿಂದ ಬಂದ ದಿನ ಇದ್ದಂಗಽ ಐತಲ್ಲ?"

ಹೌದು, ಹಾಗೇ ಇದೆ. ಆ ದಿನ ಗಿರಿಜಾ ಇನ್ನೂ ಹುಟ್ಟಿರಲಿಲ್ಲ.